ಮನೆಗೆ ಕೊಟ್ಟ ಹೊಲಿಗೆ

ಅವನು ಬೇಕೆಂದು ಎಣಿಸಿದ್ದಲ್ಲ. ಇಪ್ಪತ್ತಾರು ವರ್ಷ ಬೂಟಿನ ಕಾರ್ಖಾನೆಯಲ್ಲಿ ಕೈಯಲ್ಲಿ ಗಡಿಯಾರ ಹಿಡಿದು, ಯಾರ ಯಾರ ಬೆನ್ನ ಹಿಂದೆಯೋ ನಿಂತು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹಿಡಿಯುತ್ತದೆಂದು ಬರೆದುಕೊಳ್ಳುವುದೇ ಅವನ ಉದ್ಯೋಗವಾಗಿದ್ದರಿಂದ ಕಣ್ಣು ತಾನಾಗಿಯೇ ಎಣಿಸಿಬಿಡುತ್ತಿತ್ತು. ಹಾಲು ಉಕ್ಕುವುದಕ್ಕೆ ಎಷ್ಟು, ಎದುರುಮನೆ ಗಂಡಹೆಂಡಿರ ಜಗಳ ತಣ್ಣಗಾಗುವುದಕ್ಕೆ ಎಷ್ಟು, ಸತ್ತವರ ಮನೆಯಲ್ಲಿ ಅಳು ನಿಂತು ಮಾತು ಶುರುವಾಗುವುದಕ್ಕೆ ಎಷ್ಟು, ಎಲ್ಲವೂ ಅವನಿಗೆ ಗೊತ್ತು. ಕಾರ್ಖಾನೆಯಲ್ಲಿ ಅವನನ್ನು ನಿಮಿಷದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂಬುದೊಂದನ್ನು ಮಾತ್ರ ಅವನು ಅಳೆಯಲು ಹೋಗಿರಲಿಲ್ಲ. ಆ ಬೆಳಿಗ್ಗೆ ಅವನು ಕಾಫಿ ಲೋಟ ಹಿಡಿದು ಕೂತಾಗ ಹೆಂಡತಿ ಅಡುಗೆಮನೆಯ ಕಿಟಕಿಯ ಪಕ್ಕ, ಮೋಟು ಸ್ಟೂಲಿನ ಮೇಲೆ, ಬೂಟಿನ ಮೇಲ್ಭಾಗವೊಂದನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು ಹೊಲಿಯಲು ಶುರು ಮಾಡಿದಳು. ಮೇಣ ಹಚ್ಚಿದ ದಾರದ ಎರಡು ತುದಿಗೂ ಸೂಜಿ. ಒಂದು ಆ ಕಡೆಯಿಂದ ಈ ಕಡೆಗೆ, ಇನ್ನೊಂದು ಈ ಕಡೆಯಿಂದ ಆ ಕಡೆಗೆ, ಒಂದೇ ತೂತಿನಲ್ಲಿ. ಎರಡು ತೋಳೂ ಒಮ್ಮೆಲೇ ಅಗಲವಾಗಿ ಚಾಚಿ ದಾರ ಬಿಗಿಯುತ್ತಿದ್ದವು. ಅವನು ಲೋಟ ತೊಳೆದಿಟ್ಟ, ಪೇಪರು ಮಡಿಸಿದ, ಗಡ್ಡಕ್ಕೆ ಸೋಪು ಹಚ್ಚಿಕೊಂಡ. ಕನ್ನಡಿಯಲ್ಲಿ ಅವಳು ಜೊತೆಯ ಎರಡನೆಯದರ ಗಂಟನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸುವುದು ಕಾಣಿಸಿತು. ಇಪ್ಪತ್ತೆರಡು ನಿಮಿಷ, ಎಂದಿತು ತಲೆ.

ಬ್ಲೇಡು ಕೆನ್ನೆಯ ಮೇಲೆಯೇ ನಿಂತಿತು. ಅವನಿಗೆ ಮೊದಲು ಏನೂ ತಿಳಿಯಲಿಲ್ಲ, ಏನೋ ಬಿದ್ದುಹೋಯಿತು ಎಂದಷ್ಟೇ ಅನ್ನಿಸಿತು, ಒಲೆಯ ಮೇಲೆ ಏನನ್ನೋ ಇಟ್ಟು ಮರೆತು ಬಂದವನ ಹಾಗೆ. ಆಮೇಲೆ ಅಂಕಿಗಳು ಒಂದೊಂದಾಗಿ ಬಂದು ನಿಂತವು. ಚರ್ಮ ಕತ್ತರಿಸುವುದಕ್ಕೆ ಹದಿನಾಲ್ಕು, ಅಂಚು ತೆಳುಮಾಡುವುದಕ್ಕೆ ಆರು, ಮಿಷನ್ ಹೊಲಿಗೆಗೆ ಇಪ್ಪತ್ತೇಳು, ಪಾಲಿಶು ಮಾಡಿ ಡಬ್ಬಕ್ಕೆ ಹಾಕುವುದಕ್ಕೆ ಎಂಟು. ಒಟ್ಟು ಐವತ್ತೈದು. ಹೊಳೆಯ ಆಚೆ, ಪಕ್ಕದ ದೇಶದಲ್ಲಿ, ಅಚ್ಚಿಗೆ ಏರಿಸಿ ಅಟ್ಟೆ ಕೂಡಿಸುವುದಕ್ಕೆ ಅರವತ್ತಮೂರು. ನಾಲ್ಕು ತಿಂಗಳ ಹಿಂದೆ ಅವನೇ ಬರೆದು, ಅವನೇ ಸಹಿ ಹಾಕಿ ಕೊಟ್ಟ ಪಟ್ಟಿ ಅದು. ಎರಡೂ ದೇಶಗಳು ಸೇರಿದ್ದ ಒಕ್ಕೂಟದಿಂದ ಈ ದೇಶ ಹೊರಗೆ ಬಂದ ಮೇಲೆ ಆಚೆಯವರು ಹೊಸ ಕಾನೂನು ಮಾಡಿದ್ದರು: ಬೂಟಿನ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ಕಡೆ ಆಗಿದ್ದರೆ ಅದು ನಿಮ್ಮ ಬೂಟು, ಸುಂಕವಿಲ್ಲ, ಇಲ್ಲದಿದ್ದರೆ ಸುಂಕ. ಎಂಟೇ ಎಂಟು ನಿಮಿಷ ಕಡಿಮೆ ಬಿದ್ದಿತ್ತು. ಸುಂಕ ಬಿತ್ತು, ಬೂಟಿನ ಬೆಲೆ ಏರಿತು, ಆಚೆಯ ಅಂಗಡಿಯವರು ಕೈಬಿಟ್ಟರು. ಇವತ್ತು ಕಾರ್ಖಾನೆಯ ಕೊನೆಯ ದಿನ. ಮುಂದುಗಡೆ ತುದಿಗೆ ಹಾಕುವ ಈ ಕೈಹೊಲಿಗೆ ಇಲ್ಲದೆ ಆ ಬೂಟು ಬೂಟೇ ಅಲ್ಲ, ಅದಕ್ಕಾಗಿಯೇ ಜನ ಅದನ್ನು ಕೊಳ್ಳುತ್ತಿದ್ದದ್ದು. ಆ ಹೊಲಿಗೆ ಅವನ ಪಟ್ಟಿಯಲ್ಲಿ ಇರಲೇ ಇಲ್ಲ.

ಇರಲಿಲ್ಲ ಎಂದರೆ, ಇತ್ತು. ಅವನಿಗೆ ಆ ಸಾಲು ಕಣ್ಣಿಗೆ ಕಟ್ಟಿದಂತೆ ಕಂಡಿತು. ಸಂಜೆ ಐದೂವರೆಗೆ ಹೊಲಿಗೆಯ ಮೇಜಿನಿಂದ ಇಳಿದ ಮೇಲ್ಭಾಗಗಳನ್ನು ಚೀಲಕ್ಕೆ ತುಂಬಿ ಗೇಟಿನಲ್ಲಿ ಕೊಡುತ್ತಾರೆ. ಅದಕ್ಕೆ ಕಾರ್ಖಾನೆಯಲ್ಲಿ ಮನೆಗೆ ಕೊಟ್ಟದ್ದು ಎನ್ನುತ್ತಾರೆ. ಬೆಳಿಗ್ಗೆ ಎಂಟಕ್ಕೆ ಚೀಲ ವಾಪಸು ಬರುತ್ತದೆ. ಈ ನಡುವಿನ ಹದಿನಾಲ್ಕೂವರೆ ಗಂಟೆಗೆ ಅವನು ವರ್ಷಾನುಗಟ್ಟಲೆಯಿಂದ ಒಂದೇ ಮಾತು ಬರೆಯುತ್ತಿದ್ದ: ಕಾಯುವ ಸಮಯ. ಬೂಟು ಸುಮ್ಮನೆ ಬಿದ್ದು ಮುಂದಿನ ಕೆಲಸಕ್ಕಾಗಿ ಕಾಯುತ್ತಿದೆ ಎಂದು ಅದರ ಅರ್ಥ. ಕಾಯುವುದಕ್ಕೆ ನಿಮಿಷ ಕೊಡುವ ಪದ್ಧತಿ ಇಲ್ಲ, ಅಲ್ಲಿ ಸೊನ್ನೆ. ಹತ್ತೊಂಬತ್ತು ವರ್ಷ ಪ್ರತಿ ಸಂಜೆ ಆ ಚೀಲಗಳಲ್ಲೊಂದನ್ನು ಅವನೇ ಸ್ಕೂಟರಿನ ಕಾಲಬಳಿ ಇಟ್ಟುಕೊಂಡು ಮನೆಗೆ ತಂದಿದ್ದ. ಅವಳು ಹೊಲಿಯುವಾಗ ಪಕ್ಕದಲ್ಲೇ ಕೂತು ಉಂಡಿದ್ದ, ಸದ್ದಾಗುತ್ತೆ ಆ ಕಡೆ ಹೋಗಿ ಕೂತ್ಕೋ ಎಂದು ಗೊಣಗಿದ್ದ. ಮಗಳ ಬಾಣಂತನದಲ್ಲಿ ಒಂದು ಕಾಲಿನಿಂದ ತೊಟ್ಟಿಲು ತೂಗುತ್ತ ಅವಳು ಎರಡು ಸೂಜಿ ಆಡಿಸುತ್ತಿದ್ದುದನ್ನು ನೋಡಿ, ನಿನಗೆ ನಾಲ್ಕು ಕೈ ಇರಬೇಕಿತ್ತು ಕಣೇ ಎಂದು ನಕ್ಕಿದ್ದ. ನೋಡದೆ ಇದ್ದ ಎನ್ನುವ ಹಾಗೂ ಇಲ್ಲ. ಸೋಪು ಕೆನ್ನೆಯ ಮೇಲೆ ಒಣಗಿ ಬಿಗಿಯುತ್ತಿತ್ತು.

ಎಷ್ಟು ವರ್ಷ ಆಯ್ತು ಇದನ್ನ ಶುರು ಮಾಡಿ ಎಂದು ಕೇಳಿದ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. ಅವಳು ತಲೆ ಎತ್ತದೆ, ಇವತ್ತು ಮುಗೀತಲ್ಲ, ಇವತ್ತು ಕೇಳ್ತಿದೀರಾ ಎಂದು ನಕ್ಕಳು. ಕೊನೆಯ ಚೀಲದಲ್ಲಿ ಇನ್ನು ಮೂರೇ ಜೊತೆ ಉಳಿದಿವೆ, ಮುಗಿಸಿಕೊಂಡು ಹನ್ನೊಂದಕ್ಕೆ ತಾವೆಲ್ಲ ಒಟ್ಟಿಗೆ ಗೇಟಿಗೆ ಬರುತ್ತೇವೆ ಎಂದಳು. ತಾವೆಲ್ಲ ಎಂದರೆ ಈ ಬೀದಿ, ಹಿಂದಿನ ಬೀದಿ ಸೇರಿ ಹದಿನೈದು ಹೆಂಗಸರು. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಪರಿಹಾರ ಕೊಡುತ್ತದಂತೆ, ಅದಕ್ಕೆ ಒಬ್ಬ ಅಧಿಕಾರಿ ಪಟ್ಟಿ ಬರೆದುಕೊಳ್ಳಲು ಬರುತ್ತಾನಂತೆ, ಹೊಲಿಗೆಯವರದೂ ಬರೆಸಬೇಕು ಎಂದು ಮೂಲೆಮನೆ ಅಕ್ಕ ಹೇಳಿದ್ದಾಳೆ. ಆಮೇಲೆ ಸೂಜಿ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಬರ್ಕೊಳ್ತಾರೋ ಇಲ್ವೋ ಅಂತ ಅವರಿಗೆಲ್ಲ ಭಯ. ನಾನೇ ಹೇಳ್ದೆ, ನಮ್ಮನೆಯವರು ಅಲ್ಲೇ ಇರ್ತಾರೆ, ಅವರಿಗೆ ಗೊತ್ತಿಲ್ದೆ ಇರೋದು ಯಾವುದಿದೆ, ಅವರು ಹೇಳ್ತಾರೆ ಅಂತ. ಹೇಳ್ತೀರಲ್ವಾ?"

ಹೂಂ ಎಂದ. ಆ ಹೂಂ ಎಲ್ಲಿಂದ ಬಂತೋ ತಿಳಿಯಲಿಲ್ಲ. ಹೇಳುವುದೆಂದರೆ ಏನು ಎಂದು ಅವನಿಗಷ್ಟೇ ಹೊಳೆದಿತ್ತು. ಇವರು ಕೆಲಸಗಾರರು ಎಂದು ಬಾಯಿಬಿಟ್ಟರೆ ಪಟ್ಟಿ ತಪ್ಪಾಗಿತ್ತು ಎಂದ ಹಾಗೆ. ಪಟ್ಟಿ ತಪ್ಪಾಗಿತ್ತು ಎಂದರೆ ಇನ್ನೂರ ಎಂಬತ್ತು ಜನರ ಅನ್ನ ತೆಗೆದದ್ದು ಕಾನೂನೂ ಅಲ್ಲ, ಒಕ್ಕೂಟವೂ ಅಲ್ಲ, ಮೇಷ್ಟ್ರು.

ಹೊರಗೆ ಬಂದಾಗ ಸ್ಕೂಟರ್ ಹತ್ತಲು ಮನಸ್ಸಾಗಲಿಲ್ಲ, ನಡೆದ. ಮುಖ್ಯರಸ್ತೆಯಲ್ಲಿ ರಟ್ಟಿನ ಡಬ್ಬ ಮಾಡುವವನ ಶೆಡ್ಡಿಗೆ ಬೀಗ ಬಿದ್ದು ತಿಂಗಳಾಗಿತ್ತು. ಅದರ ಪಕ್ಕದ ಬೇಕರಿಯವನು ಬಾಗಿಲಲ್ಲಿ ನಿಂತು, ಯಾರಾದರೂ ಬರುತ್ತಾರೇನೋ ಎಂದು ಎರಡು ದಿಕ್ಕಿಗೂ ನೋಡುತ್ತಿದ್ದ. ಮೊದಲಾದರೆ ಭಾನುವಾರ ಹೊಳೆಯಾಚೆಯವರು ಸೇತುವೆ ದಾಟಿ ಇಲ್ಲಿಗೆ ಕ್ಷೌರಕ್ಕೆ ಬರುತ್ತಿದ್ದರು; ಈಗ ಕ್ಷೌರದ ಅಂಗಡಿಯ ಮೂರು ಕುರ್ಚಿಗಳಲ್ಲಿ ಎರಡರ ಮೇಲೆ ಹಳೇ ಪೇಪರು ಗುಡ್ಡೆ ಹಾಕಿತ್ತು. ಸೇತುವೆಯ ಈ ತುದಿಯಿಂದ ಶಾಲೆಯವರೆಗೂ ಸುಂಕದವರ ತಪಾಸಣೆಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಡ್ರೈವರುಗಳು ಲಾರಿ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ್ದರು, ಒಬ್ಬ ಬನಿಯನ್ ಒಗೆದು ಕನ್ನಡಿಗೆ ನೇತುಹಾಕಿದ್ದ. ಈ ಸೇತುವೆಯ ಮೇಲೆ ಒಂದೊಂದು ಬೂಟೂ ಮೂರು ಸಲ ಓಡಾಡುತ್ತಿತ್ತು. ಹೊಲಿಗೆಯಾಗಿ ಆಚೆ ಹೋಗಿ, ಅಟ್ಟೆ ಕೂಡಿಸಿಕೊಂಡು ಈಚೆ ಬಂದು, ಡಬ್ಬದೊಳಗೆ ಕೂತು ಮತ್ತೆ ಆಚೆ. ಆಗ ಡ್ರೈವರು ಕಿಟಕಿಯಿಂದ ಕೈ ಬೀಸಿದರೆ ಮುಗಿಯಿತು, ಯಾವ ದೇಶದ ಬೂಟು ಎಂದು ಕೇಳುವುದು ಯಾರಿಗೂ ತೋಚಿರಲಿಲ್ಲ, ಬೂಟಿಗಂತೂ ತೋಚಿರಲಿಲ್ಲ. ಒಂದು ಸಲ ಆಚೆಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಮೇಷ್ಟ್ರ ಕೈಯಿಂದ ಗಡಿಯಾರ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು, ಇದು ಇನ್ನೂ ನಡೆಯುತ್ತಾ ಎಂದು ಕೇಳಿದ್ದ. ಹೊಲಿಗೆಯ ಮೇಜಿನವರೆಲ್ಲ ನಕ್ಕಿದ್ದರು, ಮೇಷ್ಟ್ರೂ ಹಲ್ಲುಗಿಂಜಿ ನಕ್ಕಿದ್ದ. ಆ ವರ್ಷ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಮತ ಕೇಳಿದಾಗ ಅವನು ಪರದೆಯ ಹಿಂದೆ ಹೋಗಿ ಬಿಡಬೇಕು ಎನ್ನುವುದಕ್ಕೆ ಗುರುತು ಹಾಕಿದ. ಹಾಕುವಾಗ ಕಣ್ಣ ಮುಂದೆ ಇದ್ದದ್ದು ದೇಶವಲ್ಲ, ಆ ಎಂಜಿನಿಯರ್‌ನ ಕಿವಿ. ಮನೆಗೆ ಬಂದು ಹೆಂಡತಿಗೆ, ಇರಬೇಕು ಅಂತಲೇ ಹಾಕಿದೆ ಎಂದು ಸುಳ್ಳು ಹೇಳಿದ್ದ. ಅವಳು ತಾನೂ ಅದಕ್ಕೇ ಹಾಕಿದ್ದೆಂದು ಖುಷಿಪಟ್ಟಿದ್ದಳು.

ಕಾರ್ಖಾನೆಯೊಳಗೆ ಅರ್ಧ ಮಿಷನ್ನುಗಳನ್ನು ಆಗಲೇ ಬಿಚ್ಚಿ ಒಯ್ದಿದ್ದರು. ನೆಲದಲ್ಲಿ ಬೋಲ್ಟಿನ ತೂತುಗಳು, ಅವುಗಳ ಸುತ್ತ ಎಣ್ಣೆಯ ಕಲೆ. ಕತ್ತರಿಸುವ ಮೇಜಿನ ಹತ್ತಿರ ಕಟಿಂಗ್ ತಾತ ತನ್ನ ಚೂರಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಕಾರ್ಖಾನೆಯ ಅತ್ಯಂತ ಹಳಬ ಅವನು. ಚರ್ಮದ ಮೇಲೆ ಅಂಗೈ ಇಟ್ಟು, ಇದರಲ್ಲಿ ಎಷ್ಟು ಜೊತೆ ಏಳುತ್ತದೆಂದು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದವನು. ಬನ್ನಿ ಮೇಷ್ಟ್ರೇ, ಇವತ್ತು ನನ್ನ ಬೆನ್ನ ಹಿಂದೆ ನಿಲ್ಲಲ್ವಾ, ಚೂರಿ ಸುತ್ತೋಕೆ ಎಷ್ಟು ನಿಮಿಷ ಅಂತ ಬರ್ಕೊಳ್ಳಿ ಎಂದ. ಮೇಷ್ಟ್ರಿಗೆ ನಗು ಬರಲಿಲ್ಲ. ತಾತ ಅವನ ಮುಖ ನೋಡಿ, ನಾಲ್ಕು ಗೆರೆ ನೀವೇ ಬರೆದಿರಿ ಅಂತ ಯಾಕೆ ಹಚ್ಕೋತೀರಿ, ಇದ್ದದ್ದನ್ನ ಬರೆದಿರಿ, ನಾವು ಎಂಟು ನಿಮಿಷ ಕಡಿಮೆ ಬಿದ್ವಿ, ನಾನೇ ಇನ್ನೂ ನಿಧಾನಕ್ಕೆ ಕತ್ತರಿಸಬೇಕಿತ್ತು ನೋಡಿ ಎಂದು ತಮಾಷೆ ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರ್ ಕೋಣೆಯ ಬಾಗಿಲು ತಟ್ಟಿದ. ಒಳಗೆ ಹೋಗಿ ನಿಂತೇ ಹೇಳಿದ. ತಪ್ಪಾಗಿದೆ ಸಾರ್, ನನ್ನಿಂದ ದೊಡ್ಡ ತಪ್ಪಾಗಿದೆ, ಮನೆಗೆ ಕೊಟ್ಟ ಹೊಲಿಗೆಯನ್ನು ನಾನು ಸೇರಿಸಲೇ ಇಲ್ಲ ಎಂದು ಶುರು ಮಾಡಿ, ಮುಂದಿನ ಮಾತಿಗೆ ಉಸಿರು ಸಾಲದೆ ನಿಂತ. ಮ್ಯಾನೇಜರ್ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯ ಮಾತಿನವನು. ಮೇಜಿನ ಡ್ರಾಯರನ್ನು ರಟ್ಟಿನ ಪೆಟ್ಟಿಗೆಗೆ ಸುರಿದುಕೊಳ್ಳುತ್ತಿದ್ದವನು ತಲೆ ಎತ್ತಿ ನೋಡಿದ.

"ಆ ಇಪ್ಪತ್ತೆರಡು ನಿಮಿಷ ತಾನೆ? ಕೂತ್ಕೊಳ್ಳಿ."

ಮೇಷ್ಟ್ರು ಕುರ್ಚಿಯನ್ನು ತಡಕಿ ಕೂತ. ಅಂಕಿಯನ್ನು ಅವನು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಮ್ಯಾನೇಜರ್ ಏನೂ ಆಗದವನ ಹಾಗೆ, ಪೆನ್ನುಗಳಿಗೆ ರಬ್ಬರ್ ಹಾಕುತ್ತ ವಿವರಿಸಿದ. ಆಚೆಯವರೇ ಮೂರು ತಿಂಗಳ ಹಿಂದೆ ಬರೆದು ಕೇಳಿದ್ದರು: ತುದಿಯ ಹೊಲಿಗೆ ಯಾರು ಹಾಕುತ್ತಾರೆ, ಪಟ್ಟಿಯಲ್ಲಿ ಕಾಣುತ್ತಿಲ್ಲವಲ್ಲ ಎಂದು. ತಿದ್ದಿ ಕಳಿಸಲು ಹದಿನೈದು ದಿನ ಕೊಟ್ಟಿದ್ದರು. ಮಾಲೀಕರು ಒಂದು ಭಾನುವಾರ ಇಲ್ಲಿಗೇ ಬಂದು, ಪಕ್ಕದ ಬೀದಿಯ ಒಂದು ಹೆಂಗಸನ್ನು ಕರೆಸಿ ಹೊಲಿಸಿ, ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿದ್ದರು.

"ಮತ್ತೆ ತಿದ್ದಲಿಲ್ವಾ ಸಾರ್?"

"ತಿದ್ದಿದ್ರೆ ಆ ಹೆಂಗಸರೆಲ್ಲ ನಮ್ಮ ಕೆಲಸಗಾರರು ಅಂತ ನಾವೇ ಬರೆದುಕೊಟ್ಟ ಹಾಗಾಗ್ತಿತ್ತು. ಅದೂ ಇವತ್ತಿನದಲ್ಲ, ಎಷ್ಟೋ ವರ್ಷದ್ದು. ಅದನ್ನೆಲ್ಲ ಕೊಡೋದಕ್ಕಿಂತ ಮುಚ್ಚಿ ಆ ಕಡೆಗೇ ಹೋಗೋದು ಸಲೀಸು ಅನ್ನಿಸ್ತು ಅವರಿಗೆ. ನೀವು ಬಿಟ್ಟಿದ್ದು ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡಿ. ನಿಮ್ಮದೇನೂ ತಪ್ಪಿಲ್ಲ."

ನಿಮ್ಮದೇನೂ ತಪ್ಪಿಲ್ಲ. ಆ ಮಾತು ಕಿವಿಗೆ ಬಿದ್ದ ಕೂಡಲೇ ಅವನ ಮೈಯೆಲ್ಲ ಸಡಿಲವಾಯಿತು. ಜ್ವರ ಬಿಟ್ಟ ಹಾಗೆ ಬೆವರು ಹರಿಯಿತು. ಬದುಕಿಕೊಂಡೆ ಎಂದು ಅವನ ಒಳಗೆ ಯಾರೋ ನಿಟ್ಟುಸಿರುಬಿಟ್ಟರು. ಕೊಂದದ್ದು ನಾನಲ್ಲ, ಗೊತ್ತಿದ್ದೂ ಕೊಂದವರು ಬೇರೆ. ಆ ಸುಖದಲ್ಲಿ ಅವನು ಒಂದು ಕ್ಷಣ ಹಾಯಾಗಿಯೇ ಕೂತಿದ್ದ ಎಂಬುದು ಆಮೇಲೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದದ್ದು. ಮ್ಯಾನೇಜರ್ ಇನ್ನೂ ಮಾತಾಡುತ್ತಿದ್ದ. ಪಟ್ಟಿಯ ಅಧಿಕಾರಿ ಗೇಟಿನಲ್ಲಿ ಕೂರುತ್ತಾನೆ, ಯಾರು ಯಾವ ಕೆಲಸದವರು ಎಂದು ಗುರುತು ಹೇಳುವುದಕ್ಕೆ ಮೇಷ್ಟ್ರೇ ಪಕ್ಕದಲ್ಲಿರಬೇಕು, ನಿಮಿಷದ ಪಟ್ಟಿಯಲ್ಲಿ ಇದ್ದವರಷ್ಟೇ ಕೆಲಸಗಾರರು ಎಂದುಬಿಟ್ಟರೆ ಯಾವ ರಗಳೆಯೂ ಇಲ್ಲ. ಆಚೆ ಕಡೆ ಹೊಸ ಶೆಡ್ಡು ಏಳುತ್ತಿದೆ, ಅಲ್ಲಿಗೂ ನಿಮಿಷ ನೋಡುವವರು ಒಬ್ಬರು ಬೇಕಾಗುತ್ತದೆ, ಮಾಲೀಕರ ಕಿವಿಗೆ ಹಾಕಿದ್ದೇನೆ ಎಂದ. ಮೇಷ್ಟ್ರು ಎದ್ದು ನಮಸ್ಕಾರ ಮಾಡಿದ. ಮಾಡಿದ ಮೇಲೆ, ಯಾಕೆ ಮಾಡಿದೆ ಎಂದುಕೊಂಡ.

ಗೇಟಿನ ಒಳಗೆ ತಗಡಿನ ಮಾಡಿನಡಿ ಮೇಜು ಹಾಕಿದ್ದರು. ಅಧಿಕಾರಿ ಕನ್ನಡಕ ಹಣೆಗೆ ಏರಿಸಿಕೊಂಡು ಒಬ್ಬೊಬ್ಬರನ್ನೇ ಕರೆದು ಬರೆದುಕೊಳ್ಳುತ್ತಿದ್ದ. ಕೇಡಿಲ್ಲದ ಮನುಷ್ಯ, ಎಲ್ಲರಿಗೂ ನೀರು ಕೊಡಿ ಎನ್ನುತ್ತಿದ್ದ. ಒಬ್ಬೊಬ್ಬನು ಮೇಜಿನ ಮುಂದೆ ಬಂದಾಗಲೂ ಅಧಿಕಾರಿ ಮೇಷ್ಟ್ರ ಕಡೆ ನೋಡುತ್ತಿದ್ದ. ಮೇಷ್ಟ್ರು ಕಟಿಂಗ್ ಎನ್ನುತ್ತಿದ್ದ, ಮಿಷನ್ ಎನ್ನುತ್ತಿದ್ದ, ಪಾಲಿಶ್ ಎನ್ನುತ್ತಿದ್ದ. ಹನ್ನೊಂದರ ಹೊತ್ತಿಗೆ ಗಂಡಸರದೆಲ್ಲ ಮುಗಿದಿತ್ತು. ಆದರೂ ಯಾರೂ ಮನೆಗೆ ಹೋಗದೆ, ಹೋಗಿ ಮಾಡುವುದೇನು ಎನ್ನುವ ಹಾಗೆ, ಮಾಡಿನ ಕಂಬಗಳಿಗೆ ಒರಗಿ ನಿಂತಿದ್ದರು. ಆಗ ಹೆಂಗಸರು ಬಂದರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಚೀಲ. ನಿಮ್ಮೆಜಮಾನ್ರೇ ಇದ್ದಾರಲ್ಲ, ನೀವೇ ಮುಂದೆ ಹೋಗಿ ಎಂದು ಅವರು ಅವನ ಹೆಂಡತಿಯನ್ನು ಮುಂದಕ್ಕೆ ತಳ್ಳುತ್ತಿದ್ದುದು ಅವನಿಗೆ ಕೇಳಿಸಿತು. ಅವಳು ತಲೆ ಬಾಚಿಕೊಂಡು, ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. ಮದುವೆಮನೆಗೆ ಹೊರಟಾಗ ಇರುವ ಒಂದು ಅಂಜಿಕೆ ಮುಖದ ಮೇಲಿತ್ತು. ಮೇಜಿನ ಮುಂದೆ ನಿಂತು ಚೀಲ ಕೆಳಗಿಟ್ಟಳು. ಕೋಣೆಯ ಕಿಟಕಿಯಲ್ಲಿ ಮ್ಯಾನೇಜರ್ ನಿಂತಿದ್ದ.

"ಇವರು ಯಾರ್ರೀ? ಇಲ್ಲಿ ಕೆಲಸ ಮಾಡ್ತಿದ್ರಾ?" ಎಂದು ಅಧಿಕಾರಿ ಮೇಷ್ಟ್ರನ್ನು ಕೇಳಿದ.

ಅವನು ಬಾಯಿ ತೆರೆದ. ಹೇಳಬೇಕಾದದ್ದು ಎರಡೇ ಮಾತು, ನಾಲಿಗೆಯ ಮೇಲೆಯೇ ಇತ್ತು. ಅವಳು ನೋಡುತ್ತಿದ್ದಳು. ಯಾವ ಅನುಮಾನವೂ ಇಲ್ಲದೆ ನೋಡುತ್ತಿದ್ದಳು.

"ನನ್ನ ಹೆಂಡತಿ ಸಾರ್."

ಓ, ಎಂದ ಅಧಿಕಾರಿ. ಪೆನ್ನು ಕೆಳಗಿಟ್ಟು, ಸಂಕೋಚದಿಂದ ಅರ್ಧ ಎದ್ದ. ಯಾಕಮ್ಮ ಸೆಕೆಯಲ್ಲಿ ನಿಂತಿದೀರಿ, ಇನ್ನೇನು ಇವರನ್ನ ಬಿಟ್ಟುಬಿಡ್ತೀವಿ ಎಂದು ಒಂದು ಕುರ್ಚಿ ತರಿಸಿದ. ಕುರ್ಚಿ ಬಂತು. ಅವಳು ಅದನ್ನೂ ನೋಡಿದಳು, ಅವನನ್ನೂ ನೋಡಿದಳು. ಅವನು ಹೇಳಿದ್ದು ಸುಳ್ಳಲ್ಲ, ಅಲ್ಲ ಎನ್ನಲು ಅವಳಿಗೆ ದಾರಿಯಿರಲಿಲ್ಲ. ಅವಳು ಕೂರಲಿಲ್ಲ. ಬಗ್ಗಿ ಚೀಲ ಎತ್ತಿಕೊಂಡಳು; ಸಾಲಿನ ಉದ್ದಕ್ಕೂ ನಡೆದು, ಹದಿನಾಲ್ಕು ಹೆಂಗಸರನ್ನು ದಾಟಿ, ಎಲ್ಲರಿಗಿಂತ ಹಿಂದೆ ಹೋಗಿ ನಿಂತಳು.

ಈಗ ಮೇಜಿನ ಮುಂದೆ ಮೂಲೆಮನೆ ಅಕ್ಕ ಇದ್ದಳು. ಗಂಡ ಸತ್ತು ಹನ್ನೆರಡು ವರ್ಷ, ಈ ಹೊಲಿಗೆಯಲ್ಲೇ ಇಬ್ಬರು ಮಕ್ಕಳನ್ನು ದಡ ಹತ್ತಿಸಿದವಳು. ಅಧಿಕಾರಿ ಅವಳನ್ನು ನೋಡಿ, ಮೇಷ್ಟ್ರನ್ನು ನೋಡಿ, ವಾತಾವರಣ ತಿಳಿಯಾಗಲಿ ಎಂದೋ ಏನೋ ನಕ್ಕ.

"ಇವರೂ ನಿಮ್ಮನೆಯವರೇನಾ?"

ಕಂಬಗಳಿಗೆ ಒರಗಿದ್ದವರು ನಕ್ಕರು. ಅಕ್ಕ ನಗಲಿಲ್ಲ. ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಬೆರಳ ಗಂಟುಗಳ ಮೇಲೆ ದಾರ ಎಳೆದೆಳೆದು ಬಿದ್ದ ಕಪ್ಪು ಗೆರೆಗಳಿದ್ದವು. ಅಂಥವೇ ಗೆರೆಗಳನ್ನು ಅವನು ಹತ್ತೊಂಬತ್ತು ವರ್ಷ ಊಟ ಬಡಿಸುವ ಕೈಯಲ್ಲಿ ನೋಡಿದ್ದ, ಅವೇನೆಂದು ಕೇಳಿರಲಿಲ್ಲ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ಎಲ್ಲರ ಹಿಂದೆ ಒಂದು ಇಸ್ತ್ರಿ ಸೀರೆ. ಅವನಿಗೆ ಇನ್ನು ಎಲ್ಲಿಯೂ ಅವಿತುಕೊಳ್ಳಲು ಜಾಗವಿರಲಿಲ್ಲ.

"ಅಲ್ಲ ಸಾರ್. ಕೆಲಸಗಾರರು," ಎಂದ. "ಎಲ್ಲರೂ ಕೆಲಸಗಾರರೇ. ಕೊನೇಲಿ ನಿಂತಿರೋರೂ. ಒಂದು ಜೊತೆಗೆ ಇಪ್ಪತ್ತೆರಡು ನಿಮಿಷ. ನಾನು ಬರೀಲಿಲ್ಲ. ಪಟ್ಟಿ ತಪ್ಪು. ಮಾಡಿದೋನು ನಾನು."

ನಗು ನಿಂತಿತು. ಕಿಟಕಿಯಲ್ಲಿ ಮ್ಯಾನೇಜರ್ ಇರಲಿಲ್ಲ. ಮಾಲೀಕರಿಗೂ ಗೊತ್ತಿತ್ತು ಎಂಬ ಮಾತನ್ನು ಅವನು ಹೇಳಲಿಲ್ಲ. ಅದನ್ನು ಹೇಳುವ ದಿನ ಬಂದೀತು, ಆದರೆ ಈ ಗಳಿಗೆಯಲ್ಲಿ ಅದು ತಪ್ಪಿಸಿಕೊಳ್ಳಲು ಸಿಕ್ಕ ಇನ್ನೊಂದು ಕುರ್ಚಿಯ ಹಾಗೆ ಅವನಿಗೆ ಕಂಡಿತು. ಅಧಿಕಾರಿ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಪುಸ್ತಕದಲ್ಲಿ ಹೊಸ ಪುಟ ತಿರುವಿದ. ಹೇಳಿಯಮ್ಮ, ಯಾವಾಗಿಂದ ಕೆಲಸ ಮಾಡ್ತಿದೀರಿ ಎಂದು ಅಕ್ಕನನ್ನು ಕೇಳಿದ. ಅವಳು ಹೇಳತೊಡಗಿದಳು. ಕಂಬದ ಪಕ್ಕ ಕಟಿಂಗ್ ತಾತನ ತುಟಿಗಳು ಅಲ್ಲಾಡುತ್ತಿದ್ದವು. ಐವತ್ತೈದಕ್ಕೆ ಇಪ್ಪತ್ತೆರಡು ಕೂಡಿದರೆ ಎಪ್ಪತ್ತೇಳು, ಆಚೆಯದು ಅರವತ್ತಮೂರು. ತಾತ ಇನ್ನೊಂದು ಸಲ ಕೂಡಿದ. ಬಟ್ಟೆಯಲ್ಲಿ ಸುತ್ತಿದ ಚೂರಿಗಳನ್ನು ನಿಧಾನಕ್ಕೆ ನೆಲದ ಮೇಲಿಟ್ಟು ಹತ್ತಿರ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ, ಇನ್ನೂ ಬಂದಿರಲಿಲ್ಲ.

"ಹಾಗಾದ್ರೆ ಬೂಟು ನಮ್ಮದೇ ಆಗಿತ್ತಾ ಮೇಷ್ಟ್ರೇ?"

ಮೇಷ್ಟ್ರು ಸಾಲಿನ ಕೊನೆಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ.

"ಆಗಿತ್ತು ತಾತ," ಎಂದ.